ಕಾಯ್ದ ಎಣ್ಣೆಯ ನೆನಪು

ದ್ರವವಾಚಕ ಯಂತ್ರವು ಕಾರಿನ ಬ್ರೇಕ್ ಆಯಿಲ್ ಡಬ್ಬಿಯೊಳಗೆ ತನ್ನ ಸೂಜಿಯನ್ನು ಇಳಿಬಿಟ್ಟು ಒಂದೇ ಒಂದು ಹನಿ ಹೀರಿಕೊಂಡಿತು. ಇಪ್ಪತ್ತು ಸೆಕೆಂಡುಗಳ ಬಳಿಕ ಅದರ ಪರದೆಯ ಮೇಲೆ ಅಕ್ಷರಗಳು ಮೂಡಿದವು: 'ಬಳಕೆ: ಓಟದ ಪಥ. ಪ್ರತಿ ಸ್ಪರ್ಧೆಗೆ ಮೊದಲು ದ್ರವ ಬದಲಿಸಿ.'

ಸುತ್ತ ನಿಂತಿದ್ದವರು ನಕ್ಕರು. ಏಕೆಂದರೆ ಆ ಕಾರು ಓಟದ್ದಲ್ಲ. ಹಿಂದಿನ ಸೀಟಿನಲ್ಲಿ ಒಂದು ಒಂಟಿ ಕಾಲುಚೀಲ, ನೀರಿನ ಬಾಟಲಿ, ಮಡಿಸಿಟ್ಟ ಪ್ಲಾಸ್ಟಿಕ್ ಚೀಲಗಳ ಕಟ್ಟು ಬಿದ್ದಿದ್ದ, ಎಂಟು ವರ್ಷ ಹಳೆಯ ವಿದ್ಯುತ್ ಕಾರು ಅದು. ಅದರ ಒಡತಿ ಇಂದುಮತಿ ಕೊಪ್ಪದ, ಆಸ್ಪತ್ರೆಯೊಂದರ ರಕ್ತಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡುವವಳು. ಎರಡು ವಾರದಿಂದ ಬ್ರೇಕ್ ಪೆಡಲ್ ಮೆತ್ತಗಾಗಿತ್ತು. ಹುಬ್ಬಳ್ಳಿಯ ಹೊರವಲಯದ ರೇಸ್ ಮೈದಾನದಲ್ಲಿ ತಿಂಗಳ ಮೊದಲ ಭಾನುವಾರ ಸಾಮಾನ್ಯರ ಕಾರುಗಳನ್ನೂ ಪರೀಕ್ಷಿಸುತ್ತಾರೆಂದು ಕೇಳಿ, ಒಂಬತ್ತು ವರ್ಷದ ಮಗಳು ಮೈತ್ರಾಳನ್ನು ಕರೆದುಕೊಂಡು ಬಂದಿದ್ದಳು.

"ಅಕ್ಕಾರ, ಯಾವ ಕ್ಲಾಸಿನ್ಯಾಗ ಓಡಸ್ತೀರಿ? ಹೇಳಿಬಿಡ್ರಿ, ನಾ ಹೆಸರು ವಾಪಸ್ ತಗೋತೀನಿ," ಎಂದ ಫಕ್ಕೀರೇಶ. ಗದಗಿನಲ್ಲಿ ಖಾನಾವಳಿ ನಡೆಸುತ್ತ, ರಜಾದಿನಗಳಲ್ಲಿ ರೇಸಿಗೆ ಇಳಿಯುವ ಮನುಷ್ಯ ಅವನು.

"ನಿಮ್ಮ ಮಶೀನ್ ಕೆಟ್ಟೈತಿ," ಎಂದಳು ಇಂದುಮತಿ. "ಈ ಗಾಡಿ ಸಾಲಿಗೆ, ದವಾಖಾನಿಗೆ ಬಿಟ್ಟು ಬ್ಯಾರೆ ಕಡೆ ಹೋಗಿಲ್ಲ."

ಯಂತ್ರವನ್ನು ರೂಪಿಸಿದ ವಿಜ್ಞಾನಿ ಡಾ. ಅಜಿತ ಉಪಾಧ್ಯೆ ನಗಲಿಲ್ಲ. "ಎಣ್ಣಿ ಯಾವುದು ಹಾಕ್ಸೀರಿ?"

ಇಂದುಮತಿಗೆ ಸ್ವಲ್ಪ ಧೈರ್ಯ ಬಂತು. "ರೇಸಿನ ಎಣ್ಣೀನ ರೀ. ಅಂಗಡ್ಯಾಗ ಇದ್ದದ್ರಾಗ ತುಟ್ಟೀದು. ಎರಡು ವರ್ಷದ ಹಿಂದ ತಂದಿದ್ದು, ಉಳಿದದ್ದು ಚೆಲ್ಲೂದ್ಯಾಕ ಅಂತ ಅಡಿಗಿಮನಿ ಗ್ವಾಡಿ ಮಾಡದಾಗ ಇಟ್ಟೀನಿ. ಕಡಿಮಿ ಆದಾಗ ಅದನ್ನs ಹಾಕ್ಸೂದು."

"ಮಾಡದಾಗ," ಎಂದು ಉಪಾಧ್ಯೆ ನಿಧಾನವಾಗಿ ಹೇಳಿದರು. "ಉಪ್ಪಿನಕಾಯಿ ಬಾಜೂಕ?"

"ಹೌದ್ರಿ. ನಿಮಗ ಹೆಂಗ ಗೊತ್ತು?"

"ನಮ್ಮ ಮನ್ಯಾಗೂ ಅಲ್ಲೇ ಇಡ್ತಿದ್ರು."

ಅವರು ವಿವರಿಸಿದರು. ಬ್ರೇಕ್ ದ್ರವವು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಹೊಸದಾಗಿದ್ದಾಗ ಅದು ಕುದಿಯುವ ಉಷ್ಣತೆ ಒಣ ಕುದಿಬಿಂದು. ತೇವ ಕುಡಿದ ಮೇಲಿನದು ತೇವ ಕುದಿಬಿಂದು. ಓಟದ ದ್ರವದ ಒಣ ಕುದಿಬಿಂದು ಮುನ್ನೂರು ಡಿಗ್ರಿ ದಾಟುತ್ತದೆ, ಆದರೆ ಅದು ಬೇಗ ತೇವಕ್ಕೆ ಸೋಲುತ್ತದೆ. ಓಟಗಾರರಿಗೆ ಚಿಂತೆಯಿಲ್ಲ, ಅವರು ಪ್ರತಿ ಓಟಕ್ಕೂ ಮೊದಲು ಎಲ್ಲವನ್ನೂ ಬಸಿದು ಹೊಸದು ತುಂಬುತ್ತಾರೆ. ವರ್ಷಗಟ್ಟಲೆ ಹಾಗೇ ಇರಬೇಕಾದ ರಸ್ತೆಯ ಕಾರಿಗೆ ಬೇಕಾದದ್ದು ತೇವದಲ್ಲೂ ತಡೆದುಕೊಳ್ಳುವ, ಬೆಲೆಯಲ್ಲಿ ಕಡಿಮೆಯ ದ್ರವ. ಮುಚ್ಚಳ ತೆರೆದ ಡಬ್ಬಿಯ ಉಳಿಕೆಯಂತೂ ಯಾರಿಗೂ ಬೇಡ. ನೀರು ಸೇರಿದ ದ್ರವ ಕಾಯ್ದರೆ ಕೊಳವೆಯೊಳಗೆ ಆವಿಯ ಗುಳ್ಳೆಗಳೇಳುತ್ತವೆ. ಆಗ ತುಳಿದ ಕಾಲು ಗುಳ್ಳೆಯನ್ನು ಅದುಮುತ್ತದೆಯೇ ಹೊರತು ಚಕ್ರವನ್ನು ಹಿಡಿಯುವುದಿಲ್ಲ.

"ಆದ್ರ ಕಾಯಬೇಕಲ್ರೀ, ಕಾಯ್ದರ ತಾನೆ ಗುಳ್ಳಿ? ನಿಮ್ಮ ಗಾಡ್ಯಾಗ ಮೆಲ್ಲಕ ತುಳಿದ್ರ ಮೋಟಾರs ವೇಗ ತಗ್ಗಸ್ತೈತಿ, ಬ್ರೇಕಿಗೆ ಕೆಲಸಾನ ಇಲ್ಲ. ಗಕ್ಕನ ಒದ್ದಾಗಷ್ಟ ಎಣ್ಣಿ ಕಾಯೂದು," ಎಂದರು ಉಪಾಧ್ಯೆ.

ಈಗಿನ ಎಲ್ಲ ಬ್ರೇಕ್ ದ್ರವಗಳಲ್ಲೂ ಸ್ಮೃತಿಕಣಗಳಿರುತ್ತವೆ. ದ್ರವ ಕಾಯ್ದಾಗಲೆಲ್ಲ ಅವು ದಿನ, ಹೊತ್ತುಗಳ ಸಮೇತ ಒಂದು ಗುರುತು ಉಳಿಸಿಕೊಳ್ಳುತ್ತವೆ. ಯಾವ ತಿರುವಿನಲ್ಲಿ ತಡವಾಗಿ ಬ್ರೇಕ್ ಹಾಕಿದೆವು ಎಂದು ಓಟಗಾರರು ತಿಳಿದುಕೊಳ್ಳಲೆಂದೇ ಮಾಡಿದ ಏರ್ಪಾಡು ಅದು. ಉಪಾಧ್ಯೆ ಪರದೆಯನ್ನು ಅವಳತ್ತ ತಿರುಗಿಸಿದರು.

ಕೆಂಪು ಗೆರೆಗಳು ಬಾಚಣಿಗೆಯ ಹಲ್ಲುಗಳಂತೆ ನಿಂತಿದ್ದವು. ಸೋಮವಾರದಿಂದ ಶನಿವಾರದವರೆಗೆ, ಬೆಳಿಗ್ಗೆ ಎಂಟೂ ಐದರಿಂದ ಎಂಟೂವರೆ. ಒಂದು ಬೆಳಗಿಗೆ ಹದಿನೇಳು, ಇನ್ನೊಂದಕ್ಕೆ ಇಪ್ಪತ್ತೆರಡು. ಸಂಜೆ ಒಂದೂ ಇಲ್ಲ.

"ಈ ಒಂದು ವಾರ ಖಾಲಿ ಐತಲ್ಲ," ಎಂದು ಫಕ್ಕೀರೇಶ ಬಗ್ಗಿ ನೋಡಿದ. "ಗಾಡಿ ರಿಪೇರಿಗಿತ್ತೇನ್ರಿ?"

ಇಂದುಮತಿ ದಿನಾಂಕ ಓದಿದಳು. ಡಿಸೆಂಬರಿನ ಆ ವಾರ ಅವಳು ತರಬೇತಿಗೆಂದು ಬೆಳಗಾವಿಗೆ ಹೋಗಿದ್ದಳು. ಮಗು ಕೆಳಗಿನ ಮನೆಯ ಮೌಲಾಸಾಬರ ಆಟೋದಲ್ಲಿ ಶಾಲೆಗೆ ಹೋಗಿತ್ತು. ಆ ಆರು ದಿನ ಒಮ್ಮೆಯೂ ವಾಂತಿ ಮಾಡಿಕೊಂಡಿರಲಿಲ್ಲ.

ಮಿಕ್ಕ ದಿನಗಳಲ್ಲಿ ಶಾಲೆಯ ಗೇಟು ಬರುವುದರೊಳಗೆ ವಾಂತಿ. ಹೊಟ್ಟೆ ಕೆಟ್ಟಿದೆಯೆಂದು ಜಂತಿನ ಔಷಧಿ ಕುಡಿಸಿದ್ದಳು. ಕಾಮಾಲೆಯೋ ಎಂದು ಅಂಜಿ ಮೂರು ಸಲ ರಕ್ತ ತೆಗೆದಿದ್ದಳು. ಬೇರೆಯವರಿಗೆ ಕೊಡದೆ ತಾನೇ ಮಗುವಿನ ತೋಳು ಹಿಡಿದು ಸೂಜಿ ಚುಚ್ಚಿದ್ದಳು. ಬೆಳಗಾವಿಯಿಂದ ಬಂದ ಮೇಲೆ, 'ಆಟೋದಾಗ ಬರದ್ದು ನನ್ನ ಗಾಡ್ಯಾಗ ಹೆಂಗ ಬರ್ತೈತಿ? ಕಳ್ಳಿ, ಸಾಲಿ ತಪ್ಪಸಾಕ ನಾಟಕ ಮಾಡ್ತಿ' ಎಂದು ಕಪಾಳಕ್ಕೆ ಬಾರಿಸಿಯೂ ಇದ್ದಳು.

ಮೈತ್ರಾ ಪಕ್ಕದಲ್ಲಿ ನಿಂತು ಪರದೆಯನ್ನೇ ನೋಡುತ್ತಿದ್ದಳು. "ಇದು ಸೋಮವಾರ," ಎಂದು ಎಲ್ಲಕ್ಕಿಂತ ಎತ್ತರದ ಗೆರೆಯನ್ನು ಬೆರಳಿನಿಂದ ತೋರಿಸಿದಳು. "ಅವತ್ತ ನನ್ನ ಹಣಿ ಮುಂದಿನ ಸೀಟಿಗೆ ಬಡದಿತ್ತು."

ಫಕ್ಕೀರೇಶ ಕೈ ಒರೆಸಿಕೊಳ್ಳುವ ನೆಪದಲ್ಲಿ ಅತ್ತ ಹೋದ.

"ಮತ್ತ ನೀ ಯಾಕ ಹೇಳ್ಲಿಲ್ಲ?" ಇಂದುಮತಿಯ ದನಿ ಅವಳಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ಹೇಳಾಕತ್ತಿದ್ರ ಇನ್ನೂ ಲೇಟ್ ಆಕ್ಕಿತ್ತಲ್ಲವ್ವಾ. ನೀನs ಅಂತಿ, ಗಾಡ್ಯಾಗ ಮಾತಾಡಬ್ಯಾಡ ಅಂತ."

ಉಪಾಧ್ಯೆ ಯಂತ್ರದ ಸೂಜಿಯನ್ನು ಬೇಕಿಲ್ಲದಿದ್ದರೂ ಮತ್ತೊಮ್ಮೆ ಒರೆಸಿದರು. "ನಾವು ಇದನ್ನ ಮಾಡಿದ್ದು ರೇಸಿನವರಿಗೆ ರೀ. ಆ ಗಾಡಿಗೋಳಿಗೆ ಹಿಂದಿನ ಸೀಟs ಇರೂದಿಲ್ಲ. ಅಲ್ಲಿ ಯಾರರ ಕುಂತಿರ್ತಾರ ಅನ್ನೂದು ನಮ್ಮ ತಲ್ಯಾಗ ಬಂದಿದ್ದಿಲ್ಲ." ಆಮೇಲೆ ಸಮಾಧಾನದ ದನಿಯಲ್ಲಿ, "ರಸ್ತಾದ ಎಣ್ಣೀನ ಹಾಕಿಕೊಡ್ತೀನಿ. ಹಳೇದು ಬಸದ್ರ ಈ ಗೆರಿ ಎಲ್ಲಾ ಹೋಗ್ತಾವ. ಹೊಸಾದ್ರಾಗ ಏನೂ ಉಳಿದಿರೂದಿಲ್ಲ," ಎಂದರು.

ಇಂದುಮತಿಗೆ ಒಂದು ಕ್ಷಣ ಉಸಿರು ಹಗುರವಾಯಿತು. ಹಗುರವಾದುದಕ್ಕೇ ಅವಳಿಗೆ ನಾಚಿಕೆಯಾಯಿತು. ಮಗಳ ಮೊಣಕೈ ಸಂದಿಯನ್ನು ನೋಡಲು ಧೈರ್ಯ ಬಾರದೆ, ಪಾರದರ್ಶಕ ನಳಿಕೆಯಿಂದ ಇಳಿಯುತ್ತಿದ್ದ ಕಂದುಬಣ್ಣದ ದ್ರವವನ್ನು ಕೊನೆಯ ಹನಿಯವರೆಗೆ ನೋಡುತ್ತ ನಿಂತಳು.

ಮರುದಿನ ಪೆಡಲ್ ಗಟ್ಟಿಯಾಗಿತ್ತು. ಹೊಸೂರು ಸರ್ಕಲ್ಲಿನಲ್ಲಿ ಹಿಂದಿನವರು ಹಾರ್ನ್ ಹೊಡೆದೇ ಹೊಡೆದರು. ಒಬ್ಬ ಬೈಕಿನವ ಪಕ್ಕಕ್ಕೆ ಬಂದು, "ಅಕ್ಕಾರ, ಗಾಡಿ ಕಲಿಯಾಕತ್ತೀರೇನು?" ಎಂದು ಕೇಳಿ ಹೋದ. ಇಂದುಮತಿ ಹೌದೆಂದು ತಲೆಯಾಡಿಸಿದಳು. ಹಿಂದಿನ ಸೀಟಿನಲ್ಲಿ ಮೈತ್ರಾ ಕಿಟಕಿಯ ಆಚೆಗಿನ ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ಓದುತ್ತಿದ್ದಳು. ಈ ದಾರಿಯಲ್ಲಿ ಅವಳು ಇಷ್ಟು ದಿನ ತಲೆಯೆತ್ತಿರಲೇ ಇಲ್ಲ.

ಶಾಲೆ ತಲುಪಿದಾಗ ಗಂಟೆ ಹೊಡೆದು ಹನ್ನೊಂದು ನಿಮಿಷವಾಗಿತ್ತು. ಗೇಟಿನಲ್ಲಿ ಆಯಾ ಗಂಗವ್ವ ತಡವಾಗಿ ಬಂದವರ ಪುಸ್ತಕ ಮುಂದೆ ಹಿಡಿದಳು. ಕಾರಣದ ಅಂಕಣದಲ್ಲಿ ಮೇಲಿನಿಂದ ಕೆಳಗೆ ಟ್ರಾಫಿಕ್, ಟ್ರಾಫಿಕ್, ಪಂಕ್ಚರ್, ಟ್ರಾಫಿಕ್.

"ಟ್ರಾಫಿಕ್ ಅಂತ ಬರಿ ಅವ್ವಾ," ಎಂದು ಮೈತ್ರಾ ಪಿಸುಗುಟ್ಟಿದಳು. "ಎಲ್ಲಾರೂ ಹಂಗ ಬರೀತಾರ."

ಇಂದುಮತಿ ಪೆನ್ನು ಹಿಡಿದು, 'ಮಗಳ ಆರೋಗ್ಯಕ್ಕಾಗಿ ನಿಧಾನವಾಗಿ ಬಂದೆ. ಇನ್ನು ದಿನಾ ಹೀಗೇ' ಎಂದು ಬರೆದು ಸಹಿ ಮಾಡಿದಳು.

ಗಂಗವ್ವ ಓದಿ ಹುಬ್ಬೇರಿಸಿದಳು. "ಹುಡುಗಿಗೆ ಏನಾಗಿತ್ರಿ?"

"ಆಕಿಗೇನೂ ಆಗಿದ್ದಿಲ್ಲ," ಎಂದಳು ಇಂದುಮತಿ.