ಬಣ್ಣವಿಲ್ಲದ ನೀರು

ಮಂಗಳವಾರ ಬೆಳಿಗ್ಗೆ 10.20ಕ್ಕೆ ಆಸ್ಪತ್ರೆಯ ಮೆಮೊ ಠಾಣೆಗೆ ಬಂತು. ಎರಡು ವರ್ಷದ ಹೆಣ್ಣುಮಗು, ಎರಡೂ ಪಾದಗಳಿಗೆ ಬಿಸಿನೀರಿನ ಸುಟ್ಟಗಾಯ, ಬಿಸಿನೀರಿನ ಪಾತ್ರೆ ಬಿತ್ತೆಂಬ ಮನೆಯವರ ಹೇಳಿಕೆಗೂ ಗಾಯಕ್ಕೂ ತಾಳೆಯಿಲ್ಲ. ಇನ್‌ಸ್ಪೆಕ್ಟರ್ ಅದನ್ನು ನಿಂತೇ ಓದಿದಳು. ಕೂತು ಓದುವ ಜಾಯಮಾನ ಅವಳದಲ್ಲ. ಎಫ್‌ಐಆರ್ ದಾಖಲಿಸಿದಾಗ 10.50. ಆರೋಪಿಯ ಜಾಗ ಖಾಲಿ ಉಳಿಯಿತು.

11.30ಕ್ಕೆ ಆಸ್ಪತ್ರೆ. ಡಾಕ್ಟರಿಗೆ ಸುತ್ತಿಬಳಸಿ ಮಾತಾಡಿ ಗೊತ್ತಿಲ್ಲ.

"ಪಾತ್ರೆ ಬಿದ್ದಿದ್ರೆ ಅಲ್ಲಲ್ಲಿ ಚಿಮ್ಮಿದ ಗುರುತಿರುತ್ತೆ ಮೇಡಂ. ಇಲ್ಲಿ ಕಾಲುಚೀಲ ಹಾಕ್ದಂಗೆ ಒಂದೇ ಸಮ ಗೆರೆ. ನೀರಲ್ಲಿ ನಿಲ್ಲಿಸಿದ್ದಾರೆ."

"ಯಾರು?"

"ಅದು ನಿಮ್ಮ ಕೆಲಸ."

ಒಳಗೆ ನರ್ಸ್ ಹತ್ತಿರ ಬಂದರೆ ಸಾಕು, ಮಗು ಆಸ್ಪತ್ರೆಯನ್ನೇ ತಲೆಮೇಲೆ ಹೊತ್ತುಕೊಳ್ಳುತ್ತಿತ್ತು. ಅಮ್ಮ ಎದೆಗವಚಿಕೊಂಡರೆ ಮಾತ್ರ ಬ್ಯಾಂಡೇಜು ಕಟ್ಟಲು ಬಿಡುತ್ತಿತ್ತು. ಆ ಅಮ್ಮ ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯುವವಳು. ಗಂಡ ಹಡಗಿನ ಕೆಲಸದಲ್ಲಿ ದೂರ. ಮನೆಯಲ್ಲಿ ಅವಳು, ಮಗು, ಅವಳ ತಾಯಿ, ಮೂರೇ ಜನ.

"ನಿಮ್ಮಮ್ಮ ಎಲ್ಲಿ?"

"ಕೆಲಸಕ್ಕೆ ಹೋಗಿದ್ದಾರೆ."

ಮೊಮ್ಮಗಳು ಈ ಸ್ಥಿತಿಯಲ್ಲಿರುವಾಗ ಅಜ್ಜಿ ಕೆಲಸಕ್ಕೆ! ಇನ್‌ಸ್ಪೆಕ್ಟರ್‌ಗೆ ಅದು ಗಂಟಲಲ್ಲಿ ಸಿಕ್ಕಿದ ಮುಳ್ಳಾಯಿತು.

12.45ಕ್ಕೆ ಮಗುವಿನ ಮನೆಯಲ್ಲಿ, ಪಕ್ಕದ ಮನೆಯ ಇಬ್ಬರ ಸಮಕ್ಷಮ ಸ್ಥಳ ಪಂಚನಾಮೆ. ಬರೆದವನು ಪೇದೆ 'ಪೆನ್ಸಿಲ್'. ಮೊದಲು ಪೆನ್ಸಿಲಿನಲ್ಲಿ ಗೀಚಿ ಆಮೇಲೆ ಪೆನ್ನಿನಲ್ಲಿ ತಿದ್ದುವುದು ಅವನ ಚಾಳಿ. ಕಿಟಕಿಯಿಲ್ಲದ ಬಚ್ಚಲು, ಗೋಡೆಗೆ ನೇತುಹಾಕಿದ ನೀರು ಕಾಯಿಸುವ ಕಾಯಿಲ್, ಒಂದು ತಗಡಿನ ತೊಟ್ಟಿ. ತೊಟ್ಟಿಯ ಅಂಚು ಮಗುವಿನ ಎದೆಮಟ್ಟ. ಮಗು ತಾನಾಗಿ ಹತ್ತಿ ಇಳಿಯುವ ಮಾತೇ ಇಲ್ಲ.

1.50ಕ್ಕೆ ಆಸ್ಪತ್ರೆಯ ಕಾರಿಡಾರಿನಲ್ಲಿ ಇದನ್ನು ಹೇಳಿದ್ದೇ ತಡ, ಮಗುವಿನ ತಾಯಿ ಗೋಡೆಗೊರಗಿದಳು.

"ನಾನೇ ಮೇಡಂ. ಸಿಟ್ಟಲ್ಲಿ ನಿಲ್ಲಿಸ್ಬಿಟ್ಟೆ. ಬರ್ಕೊಡ್ತೀನಿ."

ಬರೆದೂ ಕೊಟ್ಟಳು. ಪೆನ್ಸಿಲ್‌ನ ಮುಖ ಊರಗಲವಾಯಿತು.

"ಕೇಸ್ ಮುಗೀತು ಮೇಡಂ. ಐದರೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಿದ್ರೆ..."

"ಸುಮ್ನಿರಯ್ಯ."

ಇನ್‌ಸ್ಪೆಕ್ಟರ್ ಕಾರಿಡಾರಿನ ಉದ್ದಕ್ಕೂ ಶತಪಥ ಹಾಕಿದಳು. ತಪ್ಪು ಆ ಅಜ್ಜಿಯದಾಗಿದ್ದು ತಾಯಿಯನ್ನು ಒಳಗೆ ಹಾಕಿದರೆ, ನಾಳೆ ಆ ಬ್ಯಾಂಡೇಜು ಬಿಚ್ಚುವಾಗ ಮಗುವನ್ನು ಎತ್ತಿಕೊಳ್ಳುವವರು ಯಾರು? ಅದಕ್ಕಿಂತ ಹೆಚ್ಚಾಗಿ, ಅದು ಮನೆಗೆ ಹೋದಾಗ ಯಾರ ಕೈಗೆ ಬೀಳುತ್ತದೆ? ತಟ್ಟನೆ ನಿಂತಳು.

"ಕೈ ತೋರ್ಸಮ್ಮ."

ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಗುರುತು, ಬೇರೇನೂ ಇಲ್ಲ. ಮಗು ಕಾಲೆತ್ತದಂತೆ ಆ ನೀರಿನಲ್ಲಿ ಹಿಡಿದು ನಿಲ್ಲಿಸಿದವರ ಕೈಯೂ ಬೇಯಲೇಬೇಕಿತ್ತು.

3.05ಕ್ಕೆ ಜೀಪು ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಮುಂದೆ ನಿಂತಿತು. ಒಳಗೆ ಹಬೆಯೋ ಹಬೆ. ಮಗುವಿನ ಅಜ್ಜಿ, ಮೂವತ್ತೆರಡು ವರ್ಷದ ಅನುಭವಸ್ಥೆ, ಎಲ್ಲರ ಬಾಯಲ್ಲಿ ಬಣ್ಣದಜ್ಜಿ, ಕೊಪ್ಪರಿಗೆಯ ಮುಂದೆ ನಿಂತಿದ್ದಳು. ಮೊಣಕೈವರೆಗೆ ಕಡುನೀಲಿ. ಯಾರೋ ಸ್ಟೀಲ್ ಲೋಟಗಳಲ್ಲಿ ಚಹಾ ತಂದರು. ಇನ್‌ಸ್ಪೆಕ್ಟರ್ ಮುಟ್ಟಿ ಚುರುಕ್ಕೆಂದು ಕೈ ಹಿಂದೆಳೆದುಕೊಂಡಳು. ಅಜ್ಜಿ ತನ್ನ ಲೋಟವನ್ನು ಅಂಗೈಯಲ್ಲಿ ಅವುಚಿ ಹಿಡಿದು ಆರಾಮಾಗಿ ನಿಂತಿದ್ದಳು.

"ಬಿಸಿ ಇಲ್ವಾ ಅಜ್ಜಿ?"

"ಏನು?"

"ಲೋಟ."

ಅಜ್ಜಿ ಲೋಟ ನೋಡಿದಳು, ಇನ್‌ಸ್ಪೆಕ್ಟರನ್ನು ನೋಡಿದಳು. ಮುಂಗೈಯ ನೀಲಿಯಡಿ ಬೊಬ್ಬೆಗಳು ಉಬ್ಬಿದ್ದವು.

"ನಿಮ್ಮ ಮಗಳು ತಾನೇ ಮಾಡ್ದೆ ಅಂತ ಬರ್ಕೊಟ್ಟಿದ್ದಾಳೆ."

"ಅಯ್ಯೋ ಮುಂಡೇದೇ!" ಅಜ್ಜಿ ಕೊಪ್ಪರಿಗೆಯ ಪಕ್ಕದಲ್ಲೇ ಕುಸಿದು ಕೂತಳು. "ಬಾಯಿ ಬಿಡ್ಬೇಡ, ಕೆಲಸಕ್ಕೆ ಹೋಗು ಅಂತ ನನ್ನ ಅಟ್ಟಿದ್ದು ಇದಕ್ಕಾ? ಅವಳು ಆಗ ಹಾಲು ತರೋಕೆ ಹೋಗಿದ್ಲು ತಾಯಿ. ದಿನಾ ನೀರು ಹದ ಮಾಡಿ ಕೊಡೋಳು ಅವಳು, ಇವತ್ತು ಸ್ನಾನ ಮಾಡ್ಸಿದ್ದು ನಾನೊಬ್ಳೇ."

"ನೀರು ಮುಟ್ಟಿ ನೋಡ್ಲಿಲ್ವಾ?"

"ಮುಟ್ಟಿ ಏನು ಬಂತು? ಕೈ ಸತ್ತು ಆರು ವರ್ಷ ಆಯ್ತು."

"ಮತ್ತೆ ಇಲ್ಲಿ ಹೇಗೆ ಗೊತ್ತಾಗುತ್ತೆ?"

"ಅಂಚಿನ ನೊರೆ ನೋಡಿ. ಬಣ್ಣದ ನೀರು ಕಾದಷ್ಟೂ ನೊರೆ ದಪ್ಪ. ಬಚ್ಚಲ ನೀರಲ್ಲಿ ನೊರೆ ಇರ್ಲಿಲ್ಲ, ಬೆಚ್ಚಗಿದೆ ಅಂದ್ಕೊಂಡೆ. ಹಬೇಲೇ ಬದುಕೋಳಿಗೆ ಹಬೆ ಲೆಕ್ಕಕ್ಕೇ ಬರಲ್ಲ."

"ಮಗು ಕಿರುಚಿದಾಗ?"

ಅಜ್ಜಿಯ ದನಿ ಉಡುಗಿತು. "ಸ್ನಾನ ಅಂದ್ರೆ ದಿನಾ ಅಳ್ತಾಳೆ. ಇವತ್ತೂ ಹಂಗೇ ಅಂತ... ಕಾಲು ನೀರಲ್ಲೇ ಬಿಗಿಯಾಗಿ ಹಿಡ್ಕೊಂಡೆ."

ಪೆನ್ಸಿಲ್ ಬರೆಯುವುದನ್ನು ನಿಲ್ಲಿಸಿದ್ದ. ಇನ್‌ಸ್ಪೆಕ್ಟರ್ ಅವನನ್ನು ಗದರಲಿಲ್ಲ. ಅವಳಿಗೂ ಕಣ್ಣು ಉರಿಯುತ್ತಿತ್ತು, ಹಬೆಯಿಂದ ಮಾತ್ರ ಅಲ್ಲ.

4.05ಕ್ಕೆ ನಿರ್ಲಕ್ಷ್ಯದಿಂದ ಗಾಯಪಡಿಸಿದ ಆರೋಪದ ಮೇಲೆ ಬಂಧನ. ಮಗಳ ಹೇಳಿಕೆ ಸುಳ್ಳೆಂದು ಕಡತದಲ್ಲಿ ನಮೂದಾಯಿತು, ಅವಳು ಮಗುವಿನ ಪಕ್ಕದಲ್ಲೇ ಉಳಿದಳು. ಇದು ಜಾಮೀನು ಸಿಗುವ ಕೇಸು. ಆದರೂ ಬಂಧಿತರ ವೈದ್ಯಕೀಯ ತಪಾಸಣೆ ಆಗಲೇಬೇಕು. ಹಾಗಾಗಿ 5.30ಕ್ಕೆ ಅಜ್ಜಿಯನ್ನು ಕರೆತಂದದ್ದು ಅದೇ ಆಸ್ಪತ್ರೆಗೆ. ಬೊಬ್ಬೆಗಳಿಗೆ ಮುಲಾಮು ಸವರಿಸಿಕೊಂಡು ಮರಳುವಾಗ ದಾರಿ ವಾರ್ಡಿನ ಮುಂದೆಯೇ ಹಾಯುತ್ತಿತ್ತು.

"ಮಗು ಹುಟ್ಟಿದ ಮೇಲಾದ್ರೂ ಕೈ ಸತ್ತದ್ದು ಯಾರಿಗೂ ಯಾಕೆ ಹೇಳ್ಲಿಲ್ಲ ಅಜ್ಜಿ? ಕೆಲಸ ಹೋಗುತ್ತೆ ಅಂತಾನಾ?"

ಅಜ್ಜಿ ಉತ್ತರಿಸುವ ಮೊದಲೇ ಒಳಗಿನಿಂದ ಮಗು ಅವಳನ್ನು ಕಂಡಿತು. ಅಮ್ಮನ ತೋಳಿನಿಂದ ಅರ್ಧ ಹೊರಬಾಗಿ, ಎತ್ತಿಕೋ ಎಂದು ಎರಡೂ ಕೈ ಚಾಚಿತು.

ಅಜ್ಜಿ ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಇದಕ್ಕೇ ಹೇಳಿರ್ಲಿಲ್ಲ ತಾಯಿ," ಎಂದಳು.