ಹಸಿವಿಲ್ಲದ ಬಾಯಿ

ಬಲು ಹಿಂದೆ, ಮೋಡಗಳು ಬೆಟ್ಟದ ಮೇಲೆ ಮಲಗಿ ಏಳುತ್ತಿದ್ದ ಕಾಲದಲ್ಲಿ, ಸಿರಿಗಲ್ಲು ಎಂಬ ರಾಜ್ಯವಿತ್ತು. ಅಲ್ಲೊಂದು ಕಟ್ಟಳೆ. ಮರಣದಂಡನೆ ಕೊಟ್ಟವನು ಉಪವಾಸವಿರಬೇಕು. ಶಿಕ್ಷೆಗೆ ಒಳಗಾದವನ ಮನೆಯವರೂ ಉಪವಾಸವಿರಬೇಕು. ಮನೆಯವರು ಒಪ್ಪಿ ಉಂಡರೆ ಶಿಕ್ಷೆ ಜಾರಿ. ಕೊಟ್ಟವನೇ ಮೊದಲು ಉಂಡರೆ ತೀರ್ಪು ರದ್ದು.

ಅರಸ ಮಲ್ಲಿದೇವನೋ ಒಂದು ಹೊತ್ತಿನ ಹಸಿವೂ ತಾಳದವನು. ಅದಕ್ಕೇ ಮಾಂತ್ರಿಕ ಧೂಮಾಕ್ಷ ಕಂಚಿನ ಬೊಂಬೆಯೊಂದನ್ನು ತಂದಾಗ ಕುಣಿದಾಡಿದ. ನಾಡಿನ ಓಲೆಗರಿಗಳನ್ನೆಲ್ಲ ನುಂಗಿದ್ದ ಬೊಂಬೆ ಅದು. ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಿತ್ತು, ನಾಳೆ ಆಗುವುದನ್ನೂ ಹೇಳುತ್ತಿತ್ತು. "ಹಸಿವಿಲ್ಲದ ಬಾಯಿ ನ್ಯಾಯ ಹೇಳೀತು, ಅಂದು ದೇವಿ ಗುಡಿ ಬಿಟ್ಟಾಳು" ಎಂದು ಜೋಗಿಯೊಬ್ಬ ಹಿಂದೆ ಕಾಲಜ್ಞಾನ ನುಡಿದಿದ್ದ. ಅರಸ ಮೊದಲರ್ಧಕ್ಕೆ ಹಿಗ್ಗಿದ, ಉಳಿದರ್ಧಕ್ಕೆ ಕಿವಿಗೊಡಲಿಲ್ಲ. ಬೊಂಬೆ ನ್ಯಾಯಪೀಠ ಏರಿದ ದಿನವೇ ಗುಡಿಯ ದೀಪ ಆರಿತು. ಎಷ್ಟು ಹಚ್ಚಿದರೂ ಹೊತ್ತಲಿಲ್ಲ.

ಒಂದು ದಿನ ಬೊಂಬೆ, "ಕುಂಬಾರರ ಕೆಂಚ ಮುಂದೆ ಅರಸನನ್ನು ಕೊಲ್ಲುತ್ತಾನೆ. ಈಗಲೇ ಅವನ ತಲೆ ತೆಗೆಯಿರಿ" ಎಂದಿತು. ಪಾಪ, ಕೆಂಚ ಒಂದು ಕೋಳಿಯನ್ನೂ ಕೊಂದವನಲ್ಲ. ಅವನಿಗೆ ಇದ್ದವಳು ತಂಗೆವ್ವ ಎಂಬ ಅಕ್ಕ ಒಬ್ಬಳೇ. ಅವಳು ಅರಮನೆ ಬಾಗಿಲಲ್ಲಿ ಕೂತುಬಿಟ್ಟಳು.

"ನಾ ಉಣ್ಣಂಗಿಲ್ಲ."

ಧೂಮಾಕ್ಷ ನಕ್ಕ. ಬೊಂಬೆಗೆ ಹೊಟ್ಟೆಯಿಲ್ಲ, ಇವಳಿಗಿದೆ. ಎಷ್ಟು ದಿನ ಕೂತಾಳು?

ಮೊದಲು ಅವನು ಚಿನ್ನದ ಜಿಂಕೆಯನ್ನು ಕಳಿಸಿದ. ಅದರ ಕೊಂಬಿನ ತುಂಬ ಮಾಗಿದ ಹಣ್ಣು. ತಂಗೆವ್ವ ಮುಖ ತಿರುಗಿಸಿ, "ಹಸಿವು ನಂದು. ತೀರ್ಪು ಯಾರದು?" ಎಂದಳು. ಜಿಂಕೆ ಹೊಗೆಯಾಯಿತು.

ಆಮೇಲೆ ಏಳು ಹೆಡೆಯ ಹಾವು ಬಂತು. "ಉಣ್ಣು, ಇಲ್ಲವೇ ನುಂಗುತ್ತೇನೆ" ಎಂದು ಬುಸುಗುಟ್ಟಿತು.

"ನುಂಗು. ಹಸಿವು ನಂದು. ತೀರ್ಪು ಯಾರದು?"

ಹಾವೂ ಹೊಗೆಯಾಯಿತು.

ಕಡೆಗೆ ಬಂದವಳು ಸತ್ತ ತಾಯಿ. ಕೈಯಲ್ಲಿ ಬಿಸಿ ರೊಟ್ಟಿ. "ಉಣ್ಣ, ನನ್ನ ಮಗಳ" ಎಂದಳು. ತಂಗೆವ್ವನಿಗೆ ಅಳು ತಡೆಯಲಾಗಲಿಲ್ಲ. ಆದರೂ ಕೈ ಚಾಚಲಿಲ್ಲ.

"ತಮ್ಮನ್ನ ಬಿಟ್ಟು ಉಣ್ಣು ಅಂತ ನಮ್ಮವ್ವ ಎಂದೂ ಅಂದಾಕಿ ಅಲ್ಲ. ಹಸಿವು ನಂದು. ತೀರ್ಪು ಯಾರದು?"

ತಾಯಿಯೂ ಹೊಗೆಯಾದಳು. ಮೇಲೆ ಊಟಕ್ಕೆ ಕೂತಿದ್ದ ಅರಸ ಈ ಮಾತು ಕೇಳಿ ಕೈಯಲ್ಲಿದ್ದ ತುತ್ತನ್ನು ಎಲೆಗಿಟ್ಟ. ಅವನು ಕೆಳಗಿಳಿದು ಬಂದ.

"ತೀರ್ಪು ಬೊಂಬೆಯದು, ತಾಯಿ."

"ಅದು ತಪ್ಪು ಹೇಳಿದ್ರ ಅದಕ್ಕೇನಾಗ್ತದ, ದೊರಿ?"

ಅರಸ ಅವಳನ್ನು ಸಭೆಗೆ ಕರೆದೊಯ್ದು ಬೊಂಬೆಯನ್ನೇ ಕೇಳಿದ. "ನನಗೇನೂ ಆಗುವುದಿಲ್ಲ" ಎಂದಿತು ಬೊಂಬೆ.

ಅರಸನಿಗೆ ನಾಚಿಕೆಯಾಯಿತು. ಸಭೆಯೆಲ್ಲ ಕೇಳುವಂತೆ, "ಇದನ್ನು ಪೀಠದಲ್ಲಿ ಕೂರಿಸಿದವನು ನಾನು. ತೀರ್ಪು ನನ್ನದೇ. ನಾನು ಹೊಟ್ಟೆತುಂಬ ಉಂಡಿದ್ದೇನೆ. ಕಟ್ಟಳೆಯಂತೆ ತೀರ್ಪು ರದ್ದು!" ಎಂದ.

ಬೊಂಬೆಯ ಬಾಯಿ ಮುಚ್ಚಿಹೋಯಿತು. ಅದರ ಮಾತಿನಿಂದಲೇ ಬದುಕಿದ್ದ ಧೂಮಾಕ್ಷ ಹೊಗೆಯಾಗಿ ಗಾಳಿಗೆ ಸೇರಿದ. ಗುಡಿಯ ದೀಪ ತಾನಾಗಿ ಹೊತ್ತಿಕೊಂಡಿತು.

ಅಂದು ಅಕ್ಕ, ತಮ್ಮ, ಅರಸ ಒಂದೇ ಸಾಲಿನಲ್ಲಿ ಊಟಕ್ಕೆ ಕೂತರು. ತಂಗೆವ್ವ ಮೊದಲ ತುತ್ತು ಬಾಯಿಗಿಡುವ ತನಕ ಅರಸ ಎಲೆ ಮುಟ್ಟಲಿಲ್ಲ. ಆಮೇಲೆ ಸಿರಿಗಲ್ಲಿನವರೆಲ್ಲ ಉಂಡುಟ್ಟು ಸುಖವಾಗಿದ್ದರು. ಅರಸ ಮಾತ್ರ ಸಣ್ಣ ತೀರ್ಪು ಕೊಟ್ಟಾಗಲೂ ಉಪವಾಸವಿದ್ದು ತುಸು ತೆಳ್ಳಗಾದ. ಮರಣದಂಡನೆಯನ್ನಂತೂ ಕೊಡುವುದನ್ನೇ ಬಿಟ್ಟ.