ಹೊನ್ನಕಟ್ಟೆಯ ಮುಳುಗದ ಸೂರ್ಯ

ಬಹಳ ಹಿಂದೆ, ಬಡಗು ದಿಕ್ಕಿನ ತುದಿಯಲ್ಲಿ ಮಂಜುನಾಡು ಎಂಬ ರಾಜ್ಯವಿತ್ತು. ಅಲ್ಲಿಯ ಹೊಳೆದಂಡೆಯಲ್ಲಿ ಹೊನ್ನಕಟ್ಟೆ ಎಂಬ ಊರು. ಮರಳಿನಲ್ಲಿ ಚಿನ್ನ ಸಿಕ್ಕಿತೆಂದು ಒಂದು ಕಾಲಕ್ಕೆ ನಾಡಿನ ಜನವೆಲ್ಲ ಅಲ್ಲಿಗೆ ನುಗ್ಗಿ ಮರದ ಮನೆ, ಮರದ ಅಂಗಡಿ, ಕುಣಿಯಲು ಮರದ ಚಾವಡಿ ಕಟ್ಟಿದ್ದರು. ಚಿನ್ನ ತೀರಿ ನೂರು ವರ್ಷವಾಗಿತ್ತು. ಆದರೂ ಬೇಸಿಗೆ ಬಂತೆಂದರೆ ಜನ ಆ ಹಳೆಯ ಊರು ನೋಡಲು ಹೋಗುತ್ತಿದ್ದರು. ಹೋದವರಲ್ಲಿ ಕೆಲವರು ಮರಳುತ್ತಿರಲಿಲ್ಲ.

ಚೆನ್ನಿಗನೆಂಬ ಹುಡುಗನೂ ಹಾಗೆ ಹೋದ. ವರ್ಷ ಕಳೆದರೂ ಬರಲಿಲ್ಲ. ಅವನ ಅಕ್ಕ ಬೊಮ್ಮಕ್ಕ, ತನ್ನೂರ ಹೊಳೆಯ ಮರಳನ್ನು ಮರಿಗೆಯೆಂಬ ಮರದ ಬೋಗುಣಿಯಲ್ಲಿ ತೊಳೆದು ಚಿನ್ನದ ಪುಡಿ ಆರಿಸುವ ಕಸುಬಿನವಳು, ತಮ್ಮನನ್ನು ಕರೆತರಲು ಹೊರಟಳು.

ಊರು ಹತ್ತಿರವಾದಂತೆ ಸೂರ್ಯ ಮುಳುಗುವುದನ್ನೇ ಬಿಟ್ಟ. ಬೊಮ್ಮಕ್ಕ ಏಳು ನಿದ್ದೆ ಮಾಡಿ ಎದ್ದಳು. ಏಳು ಸಲವೂ ಅವನು ಅದೇ ಬೆಟ್ಟದ ನೆತ್ತಿಯಲ್ಲಿ ಕುಳಿತಿದ್ದ.

ಊರಬಾಗಿಲಲ್ಲಿ ಬಿಳಿ ಕರಡಿಯೊಂದು ಅಡ್ಡ ನಿಂತಿತು.

"ಎಷ್ಟು ಹೊತ್ತು ಇರ್ತೀಯಾ ತಂಗಿ? ಹೊತ್ತು ಮುಳುಗೋವರೆಗಾ?"

ಬೊಮ್ಮಕ್ಕ ಬೆಟ್ಟದ ಕಡೆ ನೋಡಿದಳು. "ಇಲ್ಲಪ್ಪ, ಒಂದು ಬುತ್ತಿ ಉಣ್ಣೋವಷ್ಟು ಹೊತ್ತು."

ಕರಡಿ ಮುಖ ಸಣ್ಣದು ಮಾಡಿಕೊಂಡು ದಾರಿ ಬಿಟ್ಟಿತು.

ಚಾವಡಿಯಲ್ಲಿ ಬಾರಿಸುವವರಿಲ್ಲದೆ ಡೋಲು ಬಡಿದುಕೊಳ್ಳುತ್ತಿತ್ತು. ಹೆಂಗಸೊಬ್ಬಳು ಎದ್ದು ಬಂದಳು. ಅವಳಿಗೆ ನೆರಳಿರಲಿಲ್ಲ.

"ಎಷ್ಟು ಹೊತ್ತು ಇರ್ತೀಯೇ? ಹೊತ್ತು ಮುಳುಗೋವರೆಗಾ?"

"ಕಾಲಿನ ಧೂಳು ಕೊಡವೋವಷ್ಟು ಹೊತ್ತು."

"ಜಾಣೆ ಕಣೇ," ಎಂದಳು ಆ ಹೆಂಗಸು. "ನನಗೆ ಈ ಮಾತು ಹೊಳೀಲೇ ಇಲ್ಲ."

ಹೊಳೆಯಲ್ಲಿ ಜನ ಸಾಲಾಗಿ ಕುಳಿತು ಸದ್ದಿಲ್ಲದೆ ಮರಿಗೆ ಆಡಿಸುತ್ತಿದ್ದರು. ಮರಳಿನ ಜೊತೆ ಅವರ ನೆರಳೂ ಚೂರು ಚೂರೇ ತೊಳೆದು ಹೋಗುತ್ತಿತ್ತು. ನೆರಳು ತೀರಿದವರ ಮೈ ತೂರಿ ಆಚೆಯ ಹೊಳೆಯ ಕಲ್ಲುಗಳು ಕಾಣುತ್ತಿದ್ದವು. ಚೆನ್ನಿಗನ ನೆರಳು ಅಂಗೈಯಷ್ಟು ಉಳಿದಿತ್ತು.

"ಏಳೋ, ಮನೆಗೆ ಹೋಗೋಣ."

"ಹೊತ್ತು ಮುಳುಗೋವರೆಗೆ ಇರ್ತೀನಿ ಅಂತ ಮಾತು ಕೊಟ್ಟಿದ್ದೀನಿ ಅಕ್ಕಾ. ಇನ್ನೇನು, ಮುಳುಗುತ್ತೆ."

"ವರ್ಷವಾಯ್ತಲ್ಲೋ ಮಂಕೇ!"

"ಸುಮ್ನಿರು. ಬೆಳಿಗ್ಗೆ ತಾನೇ ಬಂದೆ." ನಗುತ್ತಲೇ ಅವನು ಮತ್ತೆ ಮರಳು ತುಂಬಿದ. ನೆರಳು ಇನ್ನೂ ಒಂದು ಬೆರಳು ಸವೆಯಿತು.

ಹೊಳೆಯ ನಡುವೆ ಮುದಿ ಮಾಯಾವಿಯೊಬ್ಬ ಕುಳಿತಿದ್ದ. ಅವನ ಮರಿಗೆಯಲ್ಲಿ ಮರಳಿರಲಿಲ್ಲ. ನೀರಿತ್ತು, ನೀರಿನೊಳಗೆ ಬೆಟ್ಟದ ಸೂರ್ಯನ ಬಿಂಬ ಸೆರೆಸಿಕ್ಕಿತ್ತು; ಅದು ಚೆಲ್ಲುವವರೆಗೆ ಸೂರ್ಯ ಮುಳುಗುವಂತಿರಲಿಲ್ಲ. ಒಂದು ಹನಿಯೂ ಚೆಲ್ಲದಂತೆ ನೂರು ವರ್ಷದಿಂದ ಅವನು ಅದನ್ನು ಆಡಿಸುತ್ತಿದ್ದ.

"ಎಷ್ಟು ಹೊತ್ತು ಇರ್ತೀಯಾ?" ಎಂದ, ತಲೆಯೆತ್ತದೆ. "ಹೊತ್ತು ಮುಳುಗೋವರೆಗಾ?"

ಬೊಮ್ಮಕ್ಕ ಅವನ ಕೈಗಳನ್ನು ನೋಡಿದಳು. ಮಣಿಕಟ್ಟು ತಿರುಗುವ ರೀತಿ ತನ್ನ ಕಸುಬಿನವರದೇ. ಅವಳು ಎರಡೂ ಕೈ ಚಾಚಿದಳು.

"ದಣಿದಿದ್ದೀಯಾ ಅಜ್ಜಾ. ಕೊಡು, ಒಂದು ಕೈ ನಾನು ಆಡಿಸ್ತೀನಿ."

ಮರಳು ತೊಳೆಯುವವರಲ್ಲಿ ಇದೊಂದು ನಡೆ. ಕಿರಿಯರು ಹೀಗೆ ಕೇಳಿದರೆ ಹಿರಿಯರು ಮರಿಗೆ ಕೊಡಲೇಬೇಕು. ಮಾಯಾವಿ ಮಂತ್ರ ಕಲಿತದ್ದು ಮುದಿತನದಲ್ಲಿ. ಕೈಗಳು ಈ ನಡೆಯನ್ನು ಕಲಿತದ್ದು ಎಳೆತನದಲ್ಲಿ. ಬೇಡವೆಂದು ಮನಸ್ಸು ಕೂಗುವ ಮೊದಲೇ ಕೈಗಳು ಕೊಟ್ಟುಬಿಟ್ಟವು.

ಬೊಮ್ಮಕ್ಕ ಮರಿಗೆಯನ್ನು ಕವುಚಿದಳು.

ಹೊಳೆ ಕೆಂಪಾಯಿತು. ಬೆಟ್ಟದ ಹಿಂದೆ ಸೂರ್ಯ ಮುಳುಗಿದ. ಮಾಯಾವಿ ಒಮ್ಮೆ ಆಕಳಿಸಿದ. ನೂರು ವರ್ಷದ ನಿದ್ದೆ ಒಟ್ಟಿಗೇ ಬಂತು. ಅಲ್ಲೇ ಒರಗಿದ ಅವನ ಮೇಲೆ ಮರಳು ಮೆಲ್ಲಗೆ ಹರಿದು ಬಂದು ಮುಚ್ಚಿಕೊಂಡಿತು.

ಜನ ಒಬ್ಬೊಬ್ಬರಾಗಿ ಸೊಂಟ ಹಿಡಿದುಕೊಂಡು ಎದ್ದರು, ಚೆನ್ನಿಗನೂ ಎದ್ದ. ಕರಡಿ ಕಾಡಿಗೆ ಹೋಯಿತು. ಡೋಲು ಸುಮ್ಮನಾಯಿತು. ಮರುದಿನ ಬಿಸಿಲು ಬಿದ್ದಾಗ ಎಲ್ಲರ ಕಾಲಡಿಯಲ್ಲೂ ಹೊಸ ನೆರಳಿತ್ತು.

ಮನೆಯಿದ್ದವರು ಮನೆಗೆ ಹೋದರು. ಮನೆಯೂ ಊರೂ ಅಳಿಸಿಹೋಗುವಷ್ಟು ಹಳಬರಾದವರು ಎಲ್ಲಿಗೆ ಹೋಗುವುದೆಂದು ತಿಳಿಯದೆ ನಿಂತಿದ್ದರು.

"ನಡೀರಿ, ನಮ್ಮೂರಲ್ಲಿ ಜಾಗ ಇದೆ," ಎಂದಳು ಬೊಮ್ಮಕ್ಕ.

ಅವರೂ ಹೋದರು. ಎಲ್ಲರೂ ಸುಖವಾಗಿ ಬಾಳಿದರು, ಹೊತ್ತಿಗೆ ಸರಿಯಾಗಿ ಉಂಡರು, ಹೊತ್ತಿಗೆ ಸರಿಯಾಗಿ ಮಲಗಿದರು.